ಡ್ಯೂಟಿ ಶುರು ಎಲ್ಲಿಂದ? ಗೇಟಿನಿಂದಲೋ, ಮನೆ ಬಾಗಿಲಿನಿಂದಲೋ?

ಬೆಳಗಿನ ಪಾಳಿಗೆಂದು ಬಸ್ಸಿನ ಫುಟ್‌ಬೋರ್ಡಿಗೆ ಜೋತುಬಿದ್ದ ಕಾರ್ಮಿಕ ದಾರಿಯಲ್ಲೇ ಜಾರಿ ಬಿದ್ದ, ಕಾಲು ಮುರಿಯಿತು ಅನ್ನಿ. ಸಂಬಳದಲ್ಲಿ ತಿಂಗಳು ತಿಂಗಳೂ ಇ.ಎಸ್.ಐ.ಗೆಂದು ಹಿಡಿದುಕೊಳ್ಳುತ್ತಾರಲ್ಲ, ಆ ವಿಮೆ ಇವನ ಕೈ ಹಿಡಿಯುತ್ತದೆಯೇ? ಚಿಕಿತ್ಸೆಯೇನೋ ಸಿಗುತ್ತದೆ. ಆದರೆ ಅಂಗವೈಕಲ್ಯದ ಹಣ ಬೇಕಾದರೆ ಅದು ‘ಕೆಲಸದಲ್ಲಾದ ಪೆಟ್ಟು’ ಅನ್ನಿಸಿಕೊಳ್ಳಬೇಕು. ಜಗಳವೆಲ್ಲ ಇರೋದು ಇಲ್ಲೇ.

ಕೇರಳದ ಒಂದು ಕೇಸು ನೋಡಿ. 1971ರ ಜೂನ್ 26. ಕಾರ್ಮಿಕನೊಬ್ಬ ಸೈಕಲ್ಲಿನಲ್ಲಿ ಕಾರ್ಖಾನೆಗೆ ಹೊರಟಿದ್ದ. ಪಾಳಿ ನಾಲ್ಕೂವರೆಗೆ, ಆಗ ಗಂಟೆ ನಾಲ್ಕೂಕಾಲು. ಕಾರ್ಖಾನೆ ಇನ್ನೊಂದು ಕಿಲೋಮೀಟರು ದೂರ. ಲಾರಿ ಗುದ್ದಿ ಮೂಳೆ ಮುರಿಯಿತು. ಲಾರಿ ಯಾರದ್ದು? ಅದೇ ಕಾರ್ಖಾನೆಯವರದ್ದು! ಕಾರ್ಮಿಕ ವಿಮಾ ನ್ಯಾಯಾಲಯ ಹಣ ಕೊಡಿ ಎಂದಿತು. ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಇ.ಎಸ್.ಐ. ನಿಗಮ ಬಿಡಲಿಲ್ಲ, ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. 1996ರಲ್ಲಿ ತೀರ್ಪು ಬಂತು: ಕೆಲಸಕ್ಕೆ ಹೊರಟ ಮಾತ್ರಕ್ಕೆ ಕೆಲಸ ಶುರುವಾದ ಹಾಗಲ್ಲ. ಒಂದು ಮೂಳೆಯ ವ್ಯಾಜ್ಯ ಇಪ್ಪತ್ತೈದು ವರ್ಷ ನಡೆದು ಹೀಗೆ ಮುಗಿಯಿತು.

ಬಳಿಕ ಕೇಂದ್ರ ಸರ್ಕಾರಕ್ಕೇ ಯಾಕೋ ಇದು ಸರಿಯೆನಿಸಲಿಲ್ಲ. 1948ರ ಇ.ಎಸ್.ಐ. ಕಾಯಿದೆಗೆ ತಿದ್ದುಪಡಿ ತಂದು, 2010ರ ಜೂನ್ 1ರಿಂದ ಮನೆಗೂ ಕೆಲಸದ ಜಾಗಕ್ಕೂ ನಡುವಣ ದಾರಿಯ ಅಪಘಾತವನ್ನೂ ಲೆಕ್ಕಕ್ಕೆ ಸೇರಿಸಿತು. ಸರಿ, ಅದಕ್ಕೂ ಮೊದಲು ಬಿದ್ದವರ ಗತಿ?

ಉತ್ತರ ಬಂದದ್ದು 2025ರ ಜುಲೈನಲ್ಲಿ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರ. ಡ್ಯೂಟಿ ಬೆಳಗಿನ ಜಾವ ಮೂರಕ್ಕೆ. 2003ರ ಏಪ್ರಿಲ್ 22ರಂದು ಬೈಕಿನಲ್ಲಿ ಹೊರಟವನು ಕಾರ್ಖಾನೆಗೆ ಐದು ಕಿಲೋಮೀಟರು ಇರುವಾಗಲೇ ಸತ್ತ. ಮನೆಯಲ್ಲಿ ಹೆಂಡತಿ, ನಾಲ್ಕು ಮಕ್ಕಳು, ಮುದಿ ತಾಯಿ. ಕೆಳಗೆ ಮಂಜೂರಾದ 3,26,140 ರೂಪಾಯಿ ಪರಿಹಾರವನ್ನು ಹೈಕೋರ್ಟು ರದ್ದು ಮಾಡಿತ್ತು. 2010ರ ತಿದ್ದುಪಡಿ ಹಿಂದಿನ ಅಪಘಾತಗಳಿಗೂ ಸಲ್ಲುತ್ತದೆ, ಕಾರ್ಮಿಕರ ಪರಿಹಾರ ಕಾಯಿದೆಯ ಕೇಸುಗಳಿಗೂ ಸಲ್ಲುತ್ತದೆ ಎಂದ ಸುಪ್ರೀಂ ಕೋರ್ಟು ಆ ಹಣವನ್ನು ಮತ್ತೆ ಕೊಡಿಸಿತು. ಆ ಸಂಸಾರ ಕಾದದ್ದು ಇಪ್ಪತ್ತೆರಡು ವರ್ಷ!

2025ರ ನವೆಂಬರ್ 21ರಿಂದ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ದಾರಿಯ ಮಾತು ಇದೆ. ಹಾಗೆಂದು ಎಲ್ಲಿ ಬಿದ್ದರೂ ದುಡ್ಡು ಅಂತ ಅಲ್ಲ. ಹೊತ್ತು, ಜಾಗ, ಸಂದರ್ಭ ಮೂರೂ ಕೆಲಸಕ್ಕೆ ಹೊಂದಬೇಕು. ಪಾಳಿ ಬಿಟ್ಟು ಮ್ಯಾಟಿನಿಗೆ ಹೋಗಿ ಬರುವಾಗ ಬಿದ್ದೆ ಅಂದರೆ ಕೇಳುವವರು ಕಷ್ಟ.

ಹತ್ತು ಮಂದಿ ಆಳು ಇಟ್ಟುಕೊಂಡ ಅಂಗಡಿ ಯಜಮಾನರೂ ಕೇಳಿಸಿಕೊಳ್ಳಿ, ಇ.ಎಸ್.ಐ. ನಿಮಗೂ ಉಂಟು. ನಾಳೆ ನಿಮ್ಮ ಹುಡುಗ ದಾರಿಯಲ್ಲಿ ಬಿದ್ದರೆ ವಕೀಲರು ಮೊದಲು ಕೇಳುವುದು ನಿಮ್ಮ ಹಾಜರಿ ಪುಸ್ತಕವನ್ನೇ. ಅವನು ಎಷ್ಟು ಗಂಟೆಗೆ ಬರಬೇಕಿತ್ತು ಅಂತ ಅದರಲ್ಲಿ ಬರೆದಿದೆಯೇ?