ಹೆಸರಿಗೆ ಬೆಲೆಯೋ, ಬೆಳೆಯುವ ಹುಡುಗನಿಗೋ?

ಕೊಯಮತ್ತೂರಿಗೂ ತಿರುಪ್ಪೂರಿಗೂ ನಡುವಿನ ದೂರ ಸುಮಾರು ಐವತ್ತು ಕಿಲೋಮೀಟರು. 2009ರಲ್ಲಿ ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾಗುವವರೆಗೆ ಎರಡೂ ಒಂದೇ ಜಿಲ್ಲೆಯ ಊರುಗಳಾಗಿದ್ದವು. ಇಂದು ತಮಿಳುನಾಡು ಪ್ರೀಮಿಯರ್ ಲೀಗ್ ಕ್ರಿಕೆಟ್ಟಿನಲ್ಲಿ ಒಂದಕ್ಕೆ ಲೈಕಾ ಕೋವೈ ಕಿಂಗ್ಸ್, ಇನ್ನೊಂದಕ್ಕೆ ಐಡ್ರೀಮ್ ತಿರುಪ್ಪೂರ್ ತಮಿಳನ್ಸ್. ಹೀಗಾಗಿ ಈ ಭಾಗದ ಕನ್ನಡ ಮನೆಗಳಲ್ಲಿ ಅಣ್ಣನದೊಂದು ಪಕ್ಷ, ತಮ್ಮನದೊಂದು ಪಕ್ಷವಾದರೆ ಅಚ್ಚರಿಪಡಬೇಕಾದುದಿಲ್ಲ. ಪಂದ್ಯಗಳು ಜೂನ್, ಜುಲೈ ತಿಂಗಳುಗಳಲ್ಲಿ ನಡೆಯುತ್ತವೆ. ವಾದ ಮಾತ್ರ ಫೆಬ್ರವರಿಯಲ್ಲೇ ಆರಂಭವಾಗುತ್ತದೆ. ಆಟಗಾರರ ಹರಾಜು ನಡೆಯುವುದು ಆಗ.

ವಾದದ ತಿರುಳು ಸರಳವಾದುದು. ಹೆಸರು ಮಾಡಿದ ಆಟಗಾರನಿಗೆ ದೊಡ್ಡ ಮೊತ್ತ ಕೊಟ್ಟು ಈ ವರ್ಷವೇ ಗೆಲ್ಲಬೇಕೆನ್ನುವವರು ಒಂದು ಕಡೆ. ಹತ್ತೊಂಬತ್ತು ಇಪ್ಪತ್ತರ ಹುಡುಗರನ್ನು ಹುಡುಕಿ ತಂದು ಬೆಳೆಸಬೇಕೆನ್ನುವವರು ಇನ್ನೊಂದು ಕಡೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳು ವರ್ಷವರ್ಷವೂ ನಡೆಸುವ ಚರ್ಚೆಯೂ ಇದೇ. ಆದರೆ ಅಲ್ಲಿಯ ಪದ್ಧತಿಗೂ ಇಲ್ಲಿಯ ಪದ್ಧತಿಗೂ ಒಂದು ಮುಖ್ಯ ಭೇದವಿದೆ. ಅದನ್ನು ಮರೆತರೆ ವಾದ ಹಳಿ ತಪ್ಪುತ್ತದೆ.

ಅಲ್ಲಿಯ ಎನ್‌ಬಿಎ ಲೀಗಿನಲ್ಲಿ ಹೊಸ ಆಟಗಾರರನ್ನು ಹಣ ಕೂಗಿ ಕೊಳ್ಳುವುದಿಲ್ಲ. ತಂಡಗಳು ಸರದಿಯ ಮೇಲೆ ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಹಿಂದಿನ ವರ್ಷ ಸೋತು ಹಿಂದುಳಿದ ತಂಡಗಳಿಗೆ ಚೀಟಿಯ ಮೂಲಕ ಮೊದಲ ಸರದಿಗಳು ಸಿಗುತ್ತವೆ. ಮೊದಲ ಸುತ್ತಿನಲ್ಲಿ ಆರಿಸಿದ ಹುಡುಗನನ್ನು ತಂಡವು ಬಯಸಿದರೆ ನಾಲ್ಕು ವರ್ಷ ತನ್ನಲ್ಲಿ ಉಳಿಸಿಕೊಳ್ಳಬಹುದು. ಬೆಳೆಸಿದವರಿಗೆ ಬೆಳೆಯ ಫಲ ಸಲ್ಲುತ್ತದೆ. 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು ಡಲ್ಲಾಸ್ ತಂಡ 52ನೆಯ ಸರದಿಯಲ್ಲಿ ಆರಿಸಿಕೊಂಡಾಗ ಭಾರತದಲ್ಲಿಯೂ ಈ ಪದ್ಧತಿಯ ಮಾತು ಕೇಳಿಬಂದಿತು. ಅವರಿಗೆ ಅಲ್ಲಿ ಲೀಗ್ ಪಂದ್ಯವಾಡುವ ಅವಕಾಶ ಒದಗಲಿಲ್ಲ. ಆಯ್ಕೆಯೇ ಬೇರೆ, ಆಟವೇ ಬೇರೆ.

ತಮಿಳುನಾಡು ಲೀಗ್ 2016ರಲ್ಲಿ ಆರಂಭವಾದಾಗ ಇಲ್ಲಿಯೂ ಡ್ರಾಫ್ಟ್ ಪದ್ಧತಿಯೇ ಇತ್ತು. 2023ರ ಫೆಬ್ರವರಿಯಲ್ಲಿ ಮಹಾಬಲಿಪುರದಲ್ಲಿ ಮೊದಲ ಹರಾಜು ನಡೆಯಿತು. ಪ್ರತಿ ತಂಡದ ಚೀಲದಲ್ಲಿ 70 ಲಕ್ಷ ರೂಪಾಯಿ. ಮೊದಲೇ ಉಳಿಸಿಕೊಳ್ಳಬಹುದಾದ ಆಟಗಾರರು ಇಬ್ಬರು ಮಾತ್ರ. ಗೆದ್ದ ತಂಡಕ್ಕೂ ಸೋತ ತಂಡಕ್ಕೂ ಒಂದೇ ಹಣ, ಒಂದೇ ಅವಕಾಶ. ಸಮಾನತೆಯ ದೃಷ್ಟಿಯಿಂದ ಇದು ಮೆಚ್ಚತಕ್ಕದ್ದೇ. ಆದರೆ ಹುಡುಗನೊಬ್ಬನನ್ನು ಕಂಡುಹಿಡಿದ ತಂಡಕ್ಕೆ ಈ ಪದ್ಧತಿ ಏನು ಕೊಡುತ್ತದೆ ಎಂಬುದಕ್ಕೆ ಕೋವೈ ತಂಡದ ಕಥೆಯನ್ನೇ ನೋಡಬೇಕು.

2021ರ ಜುಲೈಯಲ್ಲಿ ಸೇಲಂ ತಂಡದ ವಿರುದ್ಧ ಕೋವೈ ಪರವಾಗಿ ಹತ್ತೊಂಬತ್ತರ ಹುಡುಗನೊಬ್ಬ ಮೊದಲ ಬಾರಿಗೆ ಕಣಕ್ಕಿಳಿದು 43 ಎಸೆತಗಳಲ್ಲಿ 87 ಓಟ ಗಳಿಸಿದ. ಚೆನ್ನೈಯ ಆ ಎಡಗೈ ಬ್ಯಾಟುಗಾರನೇ ಸಾಯಿ ಸುದರ್ಶನ್. ಮರುವರ್ಷ ಗುಜರಾತ್ ಟೈಟನ್ಸ್ ಅವರನ್ನು ಐಪಿಎಲ್ ಹರಾಜಿನಲ್ಲಿ 20 ಲಕ್ಷಕ್ಕೆ ಕೊಂಡಿತು. 2022ರಲ್ಲಿ ಕೋವೈ ತಂಡ ಅಂತಿಮ ಪಂದ್ಯಕ್ಕೆ ಬಂದಿತು. ಕೊಯಮತ್ತೂರಿನ ಎಸ್‌ಎನ್‌ಆರ್ ಕಾಲೇಜು ಮೈದಾನದಲ್ಲಿ ಮಳೆ ಸುರಿದು ಪ್ರಶಸ್ತಿಯನ್ನು ಚೆಪಾಕ್ ತಂಡದೊಡನೆ ಹಂಚಿಕೊಳ್ಳಬೇಕಾಯಿತು. ಆಮೇಲೆ ಹರಾಜು ಬಂದಿತು. ಉಳಿಸಿಕೊಂಡವರ ಪಟ್ಟಿಯಲ್ಲಿ ಸುದರ್ಶನ್ ಇರಲಿಲ್ಲ. ನಾಯಕ ಶಾರುಖ್ ಖಾನ್ ಇದ್ದರು (ಚಿತ್ರನಟರಲ್ಲ, ಚೆನ್ನೈಯ ಆಲ್‌ರೌಂಡರ್). ತಾನೇ ಬೆಳೆಸಿದ ಹುಡುಗನನ್ನು ಮರಳಿ ಪಡೆಯಲು ಕೋವೈ ತಂಡ 21.60 ಲಕ್ಷ ತೆರಬೇಕಾಯಿತು. ಅದು ಐಪಿಎಲ್‌ನಲ್ಲಿ ಅವರಿಗೆ ದೊರೆತಿದ್ದ ಬೆಲೆಗಿಂತ ಹೆಚ್ಚು. ಆ ಹರಾಜಿನಲ್ಲೇ ಅತಿ ದೊಡ್ಡ ಮೊತ್ತ. ಚೀಲದ ಮೂರನೆಯ ಒಂದು ಪಾಲಿಗೆ ಸಮೀಪದ ಹಣ ಒಬ್ಬರಿಗೇ ಹೋಯಿತು.

ಆಗ ಆಕ್ಷೇಪಿಸಿದವರು ಆ ವರ್ಷದ ಮೊದಲ ಪಂದ್ಯ ಮುಗಿಯುತ್ತಲೇ ಸುಮ್ಮನಾದರು. ಕೊಯಮತ್ತೂರಿನಲ್ಲೇ ತಿರುಪ್ಪೂರಿನ ವಿರುದ್ಧ ಸುದರ್ಶನ್ 45 ಎಸೆತಗಳಲ್ಲಿ 86 ಓಟ ಹೊಡೆದರು. ಕೆಲವೇ ದಿನಗಳ ಹಿಂದೆ, ಮೇ 29ರ ಐಪಿಎಲ್ ಅಂತಿಮ ಪಂದ್ಯದಲ್ಲಿ, 47 ಎಸೆತಗಳಲ್ಲಿ 96 ಓಟ ಗಳಿಸಿದ್ದ ಕೈ ಅದು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಇಂಥ ಆಟಗಾರನನ್ನು ಇತರ ತಂಡಗಳೂ ಕರೆಯುತ್ತವೆ. ಜುಲೈ 12ರಂದು ತಿರುನೆಲ್ವೇಲಿಯಲ್ಲಿ ನೆಲ್ಲೈ ತಂಡದ ವಿರುದ್ಧ ಅಂತಿಮ ಪಂದ್ಯ ನಡೆದಾಗ ಸುದರ್ಶನ್ ತಂಡದಲ್ಲಿರಲಿಲ್ಲ. ಆದರೂ ಕೋವೈ 205 ಓಟ ಗಳಿಸಿ 104 ಓಟಗಳ ಅಂತರದಿಂದ ಗೆದ್ದಿತು. ಸುರೇಶ್ ಕುಮಾರ್, ಮುಕಿಲೇಶ್, ಅತೀಕ್ ಉರ್ ರಹಮಾನ್ ಮೂವರೂ ಅರ್ಧಶತಕ ಹೊಡೆದರು. ಜಾತವೇದ್ ಸುಬ್ರಮಣ್ಯನ್ ನಾಲ್ಕು ವಿಕೆಟ್ ಕಿತ್ತರು. ಹೆಸರಿನ ಪಕ್ಷದವರು ‘ಅಲ್ಲಿಯವರೆಗೆ ತಲುಪಿಸಿದವನಾರು’ ಎಂದು ಕೇಳುತ್ತಾರೆ. ಹುಡುಗರ ಪಕ್ಷದವರು ‘ಕೊನೆಗೆ ಗೆಲ್ಲಿಸಿದವರಾರು’ ಎಂದು ಮರುಪ್ರಶ್ನೆ ಹಾಕುತ್ತಾರೆ. ಇಬ್ಬರ ಮಾತೂ ನಿಜ.

ತಿರುಪ್ಪೂರಿನವರ ಅನುಭವ ಬೇರೆ ಬಗೆಯದು. ಆ ತಂಡ ಮೊದಲು ಕಾರೈಕುಡಿಯ ಹೆಸರಿನಲ್ಲಿತ್ತು. 2021ರಲ್ಲಿ ಬನಿಯನ್ನಿನ ಊರಿಗೆ ಬಂದಿತು. ನೆಲೆಯೂರುವ ಮೊದಲೇ ಗೆಲ್ಲಬೇಕಾದ ಒತ್ತಡ ಅದರ ಮೇಲಿತ್ತು. 2024ರ ಹರಾಜಿನಲ್ಲಿ ಎಡಗೈ ಸ್ಪಿನ್ನರ್ ಸಾಯಿ ಕಿಶೋರ್ ಅವರಿಗೆ 22 ಲಕ್ಷ, ವೇಗದ ಬೌಲರ್ ನಟರಾಜನ್ ಅವರಿಗೆ 11.25 ಲಕ್ಷ ಕೊಟ್ಟಿತು. ಆ ವರ್ಷ ಪ್ರಶಸ್ತಿ ದಿಂಡಿಗಲ್ಲಿಗೆ ಹೋದಾಗ ‘ಹಣವೆಲ್ಲ ನೀರಿನಲ್ಲಿ ಹೋಮ’ ಎಂದವರುಂಟು. 2025ರ ಜುಲೈ 6ರಂದು ಅದೇ ಸಾಯಿ ಕಿಶೋರ್ ನಾಯಕತ್ವದಲ್ಲಿ, ದಿಂಡಿಗಲ್ಲಿನ ಸ್ವಂತ ನೆಲದಲ್ಲೇ, ತಿರುಪ್ಪೂರು 118 ಓಟಗಳಿಂದ ಗೆದ್ದು ಮೊದಲ ಬಾರಿ ಪ್ರಶಸ್ತಿ ಪಡೆಯಿತು. ನಾಯಕನ ಬೆಲೆ ಒಂದು ಋತುವಿನ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಹಾಗೆಂದು ಅಂದಿನ ಓಟಗಳು ಬಂದುದು ಅವರ ಬ್ಯಾಟಿನಿಂದಲ್ಲ. ಆರಂಭದ ಜೋಡಿಯಾದ ತುಷಾರ್ ರಹೇಜಾ 77, ಅಮಿತ್ ಸಾತ್ವಿಕ್ 65 ಹೊಡೆದರು. ಅದೇ ವರ್ಷ ಕೋವೈ ಮೊದಲ ನಾಲ್ಕರಲ್ಲಿ ಸ್ಥಾನ ಪಡೆಯಲಿಲ್ಲ.

ಕರ್ನಾಟಕದ ಮಹಾರಾಜ ಟ್ರೋಫಿಯಲ್ಲಿ ಹೆಸರಿನ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದ್ದಿತ್ತು. 2024ರಲ್ಲಿ ರಾಹುಲ್ ದ್ರಾವಿಡರ ಮಗ ಸಮಿತ್ ಅವರನ್ನು ಮೈಸೂರು ವಾರಿಯರ್ಸ್ 50 ಸಾವಿರಕ್ಕೆ ಕೊಂಡಾಗ ದೇಶದ ಪತ್ರಿಕೆಗಳೆಲ್ಲ ಬರೆದವು. ತಂದೆಯ ಹೆಸರು ಸುದ್ದಿಯಾಯಿತೇ ಹೊರತು ಬೆಲೆಯಾಗಲಿಲ್ಲ. ಆ ವರ್ಷ ಮೈಸೂರು ಗೆದ್ದುದು ಕರುಣ್ ನಾಯರ್ ನಾಯಕತ್ವದಲ್ಲಿ.

ಹುಡುಗರನ್ನು ತರಬೇಕೆನ್ನುವವರ ಮಾತಿಗೇ ತೂಕ ಹೆಚ್ಚು. ಆದರೆ ಆ ವಾದಕ್ಕೆ ಅರ್ಥ ಬರುವುದು ತಂದ ಹುಡುಗನನ್ನು ಮೂರ್ನಾಲ್ಕು ವರ್ಷ ಉಳಿಸಿಕೊಳ್ಳುವ ದಾರಿಯಿದ್ದಾಗ. 2023ರಲ್ಲಿದ್ದಂತೆ ಎರಡೇ ಸ್ಥಾನಗಳಿದ್ದರೆ ತಂಡವು ಸಹಜವಾಗಿಯೇ ಬಲಿತವರನ್ನು ಉಳಿಸಿ ಎಳೆಯರನ್ನು ಸಂತೆಗೆ ಬಿಡುತ್ತದೆ. ಮುಂದೆ ಅವರನ್ನು ಬೆಳೆದ ಬೆಲೆಗೇ ಕೊಳ್ಳಬೇಕು. ಅಭಿಮಾನಿಗಳು ಯಾರನ್ನು ಕೊಳ್ಳಬೇಕೆಂದು ಕೂಗಾಡುವುದಕ್ಕಿಂತ, ಎಷ್ಟು ಮಂದಿಯನ್ನು ಉಳಿಸಿಕೊಳ್ಳಲು ಬಿಡಬೇಕೆಂದು ಕೇಳಿದರೆ ಊರಿಗೆ ಹೆಚ್ಚು ಪ್ರಯೋಜನ.

ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಿಗೆ ಇದು ಬರಿಯ ಹರಟೆಯ ವಿಷಯವಲ್ಲ. ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿಯ ನಟರಾಜನ್ ನೇಯ್ಗೆ ಕೂಲಿಯವರ ಮಗ. ತಾಯಿ ರಸ್ತೆಬದಿಯಲ್ಲಿ ತಿಂಡಿ ಮಾರುತ್ತಿದ್ದರು. ಟೆನ್ನಿಸ್ ಚೆಂಡಿನಿಂದ ಹಳ್ಳಿಯ ಪಂದ್ಯಗಳಲ್ಲಿ ಪಳಗಿದ ಅವರನ್ನು 2016ರ ಈ ಲೀಗೇ ಹೊರಗೆ ತೋರಿಸಿತು; ಮರುವರ್ಷ ಪಂಜಾಬ್ ತಂಡ 3 ಕೋಟಿ ಕೊಟ್ಟಿತು. ವಾಸ್ತುಶಿಲ್ಪ ಓದಿ ಉದ್ಯೋಗ ಬಿಟ್ಟು ಬಂದ ವರುಣ್ ಚಕ್ರವರ್ತಿ 2018ರಲ್ಲಿ ಮಧುರೈ ತಂಡದಲ್ಲಿ ಮಿಂಚಿ, ಅದೇ ವರ್ಷದ ಡಿಸೆಂಬರಿನಲ್ಲಿ 8.4 ಕೋಟಿಗೆ ಹೋದರು. ನೇಕಾರರೂ ಕೂಲಿಕಾರರೂ ತುಂಬಿರುವ ತಿರುಪ್ಪೂರು ಸೀಮೆಯ ಮಕ್ಕಳಿಗೆ ಈ ಎರಡು ಹೆಸರುಗಳು ಕಂಠಪಾಠ.

ಕಂಠಪಾಠವಾಗದಿರುವುದು ಹರಾಜಿನ ಕೆಳತುದಿಯ ಲೆಕ್ಕ. 2023ರಲ್ಲಿ ಅತ್ಯಂತ ಕೆಳವರ್ಗದ ಆಟಗಾರನ ಮೂಲಬೆಲೆ ಒಂದೂವರೆ ಲಕ್ಷ. ಆ ಮಟ್ಟಕ್ಕೆ ಏರಲು ಜಿಲ್ಲಾ ಮಟ್ಟದ ವಯೋವರ್ಗದ ಆಯ್ಕೆ, ಲೀಗ್ ಪಂದ್ಯಗಳು, ರಾಜ್ಯ ಸಂಸ್ಥೆಯ ನೋಂದಣಿ ಎಲ್ಲವನ್ನೂ ದಾಟಿರಬೇಕು. ಹೆಸರು ಕೂಗಿದಾಗ ಯಾರೂ ಕೈ ಎತ್ತದಿದ್ದರೆ ಆ ಒಂದೂವರೆ ಲಕ್ಷವೂ ಇಲ್ಲ. ಹುಡುಗ ಮರಳಿ ಜಿಲ್ಲೆಯ ಲೀಗಿಗೆ ಬಂದು ಮುಂದಿನ ಫೆಬ್ರವರಿಯವರೆಗೆ ಆಡುತ್ತಿರಬೇಕು.