ಆಲಿಸುವ ಕ್ರಮ: ಟ್ರಂಕಿಂಗ್ ನಿಸ್ತಂತುವಿನಲ್ಲಿ ಚಾನೆಲ್ಲುಗಳ ವ್ಯವಸ್ಥೆ

ಬೆಂಗಳೂರಿನ ಪೂರ್ವದಂಚಿನ ಕಾಡುಗೋಡಿಗೆ 2023ರ ಮಾರ್ಚ್ ತಿಂಗಳಲ್ಲಿ ನಮ್ಮ ಮೆಟ್ರೋ ರೈಲು ಬಂದಿತು. ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್ (ಕಾಡುಗೋಡಿ) ನಿಲ್ದಾಣದವರೆಗಿನ 13.71 ಕಿಲೋಮೀಟರ್ ಹಾದಿ ಆಗ ಸಂಚಾರಕ್ಕೆ ತೆರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ನೇರಳೆ ಮಾರ್ಗವು ಚಲ್ಲಘಟ್ಟದವರೆಗೆ ಪೂರ್ಣಗೊಂಡಿತು. ಪ್ರಯಾಣಿಕನ ಕಣ್ಣಿಗೆ ಬೀಳುವುದು ಹಳಿ, ಬೋಗಿ ಮತ್ತು ಬಾಗಿಲು ಮಾತ್ರ. ಇವುಗಳ ಹಿಂದೆ ಚಾಲಕ, ನಿಲ್ದಾಣದ ಅಧಿಕಾರಿ, ಡಿಪೋದ ಕೆಲಸಗಾರ, ಭದ್ರತಾ ಸಿಬ್ಬಂದಿ, ನಿಯಂತ್ರಣ ಕೇಂದ್ರ ಇವರ ನಡುವೆ ಮಾತು ಎಡೆಬಿಡದೆ ಹರಿಯುತ್ತಿರುತ್ತದೆ. ಆ ಮಾತನ್ನು ಹೊರುವುದು ಟ್ರಂಕಿಂಗ್ ಎಂಬ ನಿಸ್ತಂತು ಪದ್ಧತಿ.

ಹಿರಿಯ ವಾಚಕರಿಗೆ ಟ್ರಂಕ್ ಕಾಲ್ ಎಂಬ ಮಾತು ಅಪರಿಚಿತವಲ್ಲ. ಊರಿಂದೂರಿಗೆ ಇದ್ದ ಕೆಲವೇ ತಂತಿಗಳನ್ನು ನೂರಾರು ಜನ ಸರದಿಯಂತೆ ಹಂಚಿಕೊಳ್ಳುತ್ತಿದ್ದರು. ತಂತಿಯಿಲ್ಲದ ಮಾತಿಗೂ ಅದೇ ನ್ಯಾಯವನ್ನು ಅನ್ವಯಿಸಿದುದೇ ಈ ಪದ್ಧತಿಯ ತಿರುಳು. ಇದರ ಲಾಭವೆಷ್ಟೆಂಬುದನ್ನು ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರದಿಂದ ಅಳೆಯಬಹುದು. ಐದು ವಿಭಾಗಗಳಿಗೆ ಒಂದೊಂದು ಚಾನೆಲ್ಲನ್ನು ಪ್ರತ್ಯೇಕವಾಗಿ ಕೊಟ್ಟು, ಪ್ರತಿ ವಿಭಾಗಕ್ಕೂ ಗಂಟೆಗೆ 12 ನಿಮಿಷಗಳ ಮಾತಿನ ಹೊರೆಯಿದೆಯೆಂದು ಎಣಿಸಿದರೆ, 1000 ಕರೆಗಳಲ್ಲಿ ಸುಮಾರು 167ಕ್ಕೆ ದಾರಿ ದೊರೆಯದು. ಅದೇ ಐದು ಚಾನೆಲ್ಲುಗಳನ್ನು ಎಲ್ಲರಿಗೂ ಸಾಮಾನ್ಯವಾಗಿಸಿದರೆ ದಾರಿ ದೊರೆಯದವು ಸುಮಾರು 3 ಮಾತ್ರ. ಸಾಧನ ಹೆಚ್ಚಲಿಲ್ಲ, ಹೊರೆ ತಗ್ಗಲಿಲ್ಲ. ಹಂಚಿಕೆಯ ಕ್ರಮವೊಂದೇ ಬದಲಾಯಿತು.

ಮೆಟ್ರೋ ಜಾಲಗಳಲ್ಲಿ ಬಳಕೆಯಲ್ಲಿರುವ ಟೆಟ್ರಾ ಎಂಬ ಯುರೋಪಿನ ಮಾನಕದಲ್ಲಿ, 25 ಕಿಲೋಹರ್ಟ್ಸ್ ಅಗಲದ ಒಂದು ವಾಹಕ ತರಂಗವನ್ನು ಕಾಲದಲ್ಲಿ ನಾಲ್ಕು ಭಾಗ ಮಾಡಿ ನಾಲ್ಕು ಚಾನೆಲ್ಲುಗಳನ್ನು ಪಡೆಯುತ್ತಾರೆ. ಒಂದು ಗೋಪುರಕ್ಕೆ ಎರಡು ವಾಹಕಗಳಿದ್ದರೆ ಚಾನೆಲ್ಲುಗಳು ಎಂಟು. ಅವುಗಳಲ್ಲಿ ಒಂದು ನಿಯಂತ್ರಣಕ್ಕೆ ಮೀಸಲು. ಮಾತಿಗೆ ಉಳಿಯುವುದು ಏಳು. ಗುಂಡಿಯನ್ನು ಒತ್ತಿದೊಡನೆ ಉಪಕರಣವು ನಿಯಂತ್ರಣ ಚಾನೆಲ್ಲಿನಲ್ಲಿ ಬೇಡಿಕೆ ಸಲ್ಲಿಸುತ್ತದೆ; ಜಾಲವು ಬಿಡುವಾಗಿರುವ ಚಾನೆಲ್ಲೊಂದನ್ನು ಆ ಗುಂಪಿಗೆ ಒಪ್ಪಿಸುತ್ತದೆ; ಮಾತು ಮುಗಿದಾಗ ಅದನ್ನು ಹಿಂದಕ್ಕೆ ಪಡೆಯುತ್ತದೆ.

ಆದುದರಿಂದ ಇಲ್ಲಿ ಚಾನೆಲ್ಲಿಗೆ ಸ್ಥಿರವಾದ ಒಡೆಯನಿಲ್ಲ. ಈಗ ಡಿಪೋದ ಮಾತು ಕೇಳಿಸಿದೆಡೆಯಲ್ಲಿ ಮರುಕ್ಷಣ ಭದ್ರತಾ ವಿಭಾಗದ ಮಾತು ಕೇಳಿಸೀತು. ಹಳೆಯ ರೀತಿಯಲ್ಲಿ ಕಂಪನಾಂಕಗಳನ್ನು ಸಾಲಾಗಿ ಬರೆದಿಟ್ಟುಕೊಂಡು ಒಂದೊಂದನ್ನೇ ಹುಡುಕುವ ಸ್ಕ್ಯಾನರ್ ಯಂತ್ರಕ್ಕೆ ಇದು, ದಾರ ಕಡಿದು ಗರಿಗಳು ಅದಲುಬದಲಾದ ಓಲೆಯ ಕಟ್ಟಿನಂತೆ ಅರ್ಥವಾಗದು. ಟ್ರಂಕಿಂಗ್ ಬಲ್ಲ ಯಂತ್ರವು ನಿಯಂತ್ರಣ ಚಾನೆಲ್ಲನ್ನು ಓದುತ್ತ, ಬೇಕಾದ ಗುಂಪಿನ ಸಂಖ್ಯೆ ಕಂಡೊಡನೆ ಅದರ ಬೆನ್ನುಹತ್ತುತ್ತದೆ. ಪಟ್ಟಿ ಮಾಡಬೇಕಾದುದು ಕಂಪನಾಂಕಗಳನ್ನಲ್ಲ, ಗುಂಪುಗಳನ್ನು.

ಆ ಪಟ್ಟಿಯ ಕ್ರಮಕ್ಕೆ ವರ್ಣಮಾಲೆಗಿಂತ ಉತ್ತಮ ನಿದರ್ಶನ ಬೇಕಿಲ್ಲ. 25 ವರ್ಗೀಯ ವ್ಯಂಜನಗಳು ಉಚ್ಚಾರಣಸ್ಥಾನವನ್ನು ಅನುಸರಿಸಿ ಐದೈದರ ಐದು ವರ್ಗಗಳಾಗಿ ನಿಂತಿವೆ. ಯಾವ ವರ್ಗದಲ್ಲೇ ಆಗಲಿ ಕೊನೆಯದು ಅನುನಾಸಿಕವೇ. ಹಾಗೆಯೇ ಗುಂಪುಗಳನ್ನು ಕರ್ತವ್ಯಾನುಸಾರವಾಗಿ ಕಡತಗಳಲ್ಲಿ ವಿಂಗಡಿಸಿ—ಸಂಚಾರ, ನಿಲ್ದಾಣ, ಡಿಪೋ, ದುರಸ್ತಿ, ಭದ್ರತೆ ಎಂದು—ಪ್ರತಿ ಕಡತದ ಕೊನೆಯ ಸ್ಥಾನವನ್ನು ತುರ್ತು ಗುಂಪಿಗೇ ಮೀಸಲಿಟ್ಟರೆ, ಹೊಗೆಯಲ್ಲಿಯೂ ಕತ್ತಲೆಯಲ್ಲಿಯೂ ಕಣ್ಣಿನ ಸಹಾಯವಿಲ್ಲದೆ ಕೈ ಅಲ್ಲಿಗೆ ತಲುಪುತ್ತದೆ. ಹೆಸರುಗಳು ಚಿಕ್ಕವಿರಬೇಕು, ಪುಟ್ಟ ಪರದೆಯಲ್ಲಿ ಒಂದನ್ನೊಂದು ಹೋಲದಂತೆ ಮೊದಲ ಅಕ್ಷರದಲ್ಲಿಯೇ ಭಿನ್ನವಾಗಿರಬೇಕು.

ಇನ್ನು ಸ್ಕ್ಯಾನ್ ಪಟ್ಟಿ. ತಾನು ಆಯ್ದ ಗುಂಪಿನ ಜೊತೆಗೆ ಬೇರೆ ಯಾವ ಗುಂಪುಗಳ ಮಾತಿಗೂ ಕಿವಿಗೊಡಬೇಕೆಂದು ಉಪಕರಣಕ್ಕೆ ತಿಳಿಸುವುದೇ ಈ ಪಟ್ಟಿ. ಎಲ್ಲವನ್ನೂ ಸೇರಿಸಿಕೊಂಡರೆ ಎಲ್ಲವೂ ಕೇಳುವುದೆಂಬುದು ಭ್ರಮೆ. ಉಪಕರಣವು ಒಂದು ಸಲಕ್ಕೆ ಒಂದೇ ಸಂಭಾಷಣೆಯನ್ನು ನುಡಿಸಬಲ್ಲದು. ಬೇಡದುದನ್ನು ಕೇಳುತ್ತಿರುವಾಗ ಬೇಕಾದುದು ತಪ್ಪಿಹೋಗುತ್ತದೆ. ಆದಕಾರಣ ಪಟ್ಟಿ ಕಿರಿದಾಗಿರಬೇಕು, ಅದರಲ್ಲಿ ಒಂದು ಗುಂಪಿಗೆ ಅಗ್ರಸ್ಥಾನವಿರಬೇಕು, ಪ್ರಶ್ನೆ ಮುಗಿದೊಡನೆ ಬೇರೆಡೆಗೆ ಹಾರದೆ ಉತ್ತರಕ್ಕಾಗಿ ಕೆಲವು ಕ್ಷಣ ಕಾಯುವಂತೆ ಯಂತ್ರವನ್ನು ಅಣಿಗೊಳಿಸಿರಬೇಕು.

ಇದಕ್ಕಿಂತ ಗಹನವಾದ ದೋಷ ಇನ್ನೊಂದುಂಟು. ಜಾಲದ ಉಪಕರಣವು ತನ್ನ ಪಟ್ಟಿಯಲ್ಲಿನ ಗುಂಪುಗಳನ್ನು ಜಾಲಕ್ಕೆ ತಿಳಿಸಿ ನೋಂದಾಯಿಸುವ ಏರ್ಪಾಡಿನಲ್ಲಿ, ಕೇಳುವವನೊಬ್ಬನಿರುವ ಪ್ರತಿ ಗೋಪುರಕ್ಕೂ ಆ ಗುಂಪಿನ ಮಾತನ್ನು ಕಳುಹಿಸಬೇಕಾಗುತ್ತದೆ. ಕಾಡುಗೋಡಿಯಲ್ಲಿರುವವನೊಬ್ಬನು ಬರಿಯ ಕುತೂಹಲದಿಂದ ಚಲ್ಲಘಟ್ಟದ ಕಡೆಯ ಗುಂಪೊಂದನ್ನು ಪಟ್ಟಿಗೆ ಸೇರಿಸಿಕೊಂಡನೆನ್ನೋಣ. ಆ ಗುಂಪು ಮಾತನಾಡಿದಾಗಲೆಲ್ಲ ಕಾಡುಗೋಡಿಯ ಗೋಪುರದಲ್ಲಿಯೂ ಒಂದು ಚಾನೆಲ್ಲು ವ್ಯಯವಾಗುತ್ತದೆ. ಮೇಲಿನ ಲೆಕ್ಕದಲ್ಲಿ ಏಳು ಆರಾಗುತ್ತವೆ. ತುರ್ತುಕರೆಗೆ ಇತರರ ಮಾತನ್ನು ಬದಿಗೊತ್ತಿ ನುಗ್ಗುವ ಅಧಿಕಾರವನ್ನು ಕೊಡಬಹುದು, ದಿಟ. ಆದರೆ ಅನಾಹುತಕ್ಕೆ ಮುಂಚಿನ ಎಚ್ಚರಿಕೆಯು ಸಾಮಾನ್ಯ ಕರೆಯ ರೂಪದಲ್ಲಿಯೇ ಬರಬಹುದು. ಹಳಿಯ ಬಳಿ ಯಾರನ್ನೋ ಕಂಡೆನೆಂದು ಹೇಳಹೊರಟವನ ಮಾತು ಸರದಿಯಲ್ಲಿ ನಿಲ್ಲುತ್ತದೆ. ಒಬ್ಬನ ಅನಾವಶ್ಯಕ ಆಲಿಕೆಯು ಇನ್ನೊಬ್ಬನ ಆವಶ್ಯಕ ನುಡಿಯನ್ನು ತಡೆಯುವ ಬಗೆ ಇದು.

ಹೊರಗಿನವರಿಗೆ ಈ ಮಾತುಗಳು ಸಲ್ಲತಕ್ಕವಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಟೆಟ್ರಾದಲ್ಲಿ ಮಾತನ್ನು ಗೂಢಗೊಳಿಸುವ ಅನುಕೂಲವಿದೆ. ಪರರ ಸಂದೇಶವನ್ನು ಕಾನೂನುಬಾಹಿರವಾಗಿ ತಡೆದು ಕೇಳುವುದನ್ನು 2023ರ ದೂರಸಂಪರ್ಕ ಅಧಿನಿಯಮವು ದಂಡನೀಯ ಅಪರಾಧವೆಂದು ಸಾರಿದೆ. ಕುತೂಹಲವುಳ್ಳ ವಿದ್ಯಾರ್ಥಿಗೆ ಪರೀಕ್ಷೆ ಬರೆದು ಹವ್ಯಾಸಿ ರೇಡಿಯೋ ಪರವಾನಗಿ ಪಡೆಯುವ ರಾಜಮಾರ್ಗ ತೆರೆದೇ ಇದೆ.

ಪದಗಳನ್ನು ಕೂಡಿಹಾಕಿದ ಮಾತ್ರಕ್ಕೆ ನಿಘಂಟಾಗದು. ಬೇಕಾದ ಪದ ಬೇಕಾದಾಗ ಸಿಗುವ ಕ್ರಮವಿದ್ದರೆ ನಿಘಂಟು. ಸ್ಕ್ಯಾನ್ ಪಟ್ಟಿಯ ಮಾತೂ ಅಷ್ಟೆ. ತನ್ನ ಕರ್ತವ್ಯಕ್ಕೆ ಸಂಬಂಧಿಸದ ಗುಂಪುಗಳನ್ನು ಅದರಿಂದ ತೆಗೆದುಹಾಕುವವನು ತನ್ನ ಕಿವಿಯನ್ನಷ್ಟೇ ಅಲ್ಲ, ಸಹೋದ್ಯೋಗಿಗಳ ದಾರಿಯನ್ನೂ ಕಾಯುತ್ತಾನೆ.