ಸತ್ತ ನಾಯಕ ಮರಳುವುದು ಹೇಗೆ?

2000ದಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಶುರುವಾದ ‘ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ’ಯಲ್ಲಿ ನಾಯಕ ಮಿಹಿರ್ ಸತ್ತಾಗ ಪ್ರೇಕ್ಷಕರು ದೊಡ್ಡ ಗದ್ದಲವನ್ನೇ ಎಬ್ಬಿಸಿದರು. ಮಿಹಿರ್ ನೆನಪು ಕಳೆದುಕೊಂಡವನಾಗಿ ಬದುಕಿ ಬಂದ. ಜನ ಕೇಳಿದರು, ತಂಡ ಕೊಟ್ಟಿತು ಎಂದು ಈ ಕಥೆಯನ್ನು ಮುಗಿಸಿಬಿಡಬಹುದು. ಆದರೆ ಪ್ರೇಕ್ಷಕರ ಮಾತು ಕಥೆ ಬರೆಯುವವರನ್ನು ತಲುಪುವ ಹೊತ್ತಿಗೆ ಮುಂದಿನ ಎಷ್ಟು ಸಂಚಿಕೆ ಚಿತ್ರೀಕರಣವಾಗಿ ಕೂತಿವೆ? ನಿಜವಾದ ಪ್ರಶ್ನೆ ಅದು.

ದಿನವಹಿ ಧಾರಾವಾಹಿಯವರು ಮುಂಚಿತವಾಗಿ ಚಿತ್ರೀಕರಿಸಿಟ್ಟ ಸಂಚಿಕೆಗಳನ್ನು ‘ಬ್ಯಾಂಕಿಂಗ್’ ಎನ್ನುತ್ತಾರೆ. ಕಲಾವಿದರಿಗೆ ಜ್ವರ ಬಂದರೂ, ಮಳೆಗೆ ಶೂಟಿಂಗ್ ನಿಂತರೂ ಪ್ರಸಾರ ನಿಲ್ಲಬಾರದಲ್ಲ, ಅದಕ್ಕೆ. ಬ್ಯಾಂಕಿಂಗ್ ಹೆಚ್ಚಿದ್ದಷ್ಟೂ ನಿರ್ಮಾಪಕರಿಗೆ ನೆಮ್ಮದಿ, ಪ್ರೇಕ್ಷಕರ ಮಾತಿಗೆ ಜಾಗ ಕಡಿಮೆ. ಅದು ಕರಗಿ ಇಂದು ತೆಗೆದದ್ದು ನಾಳಿದ್ದು ಪ್ರಸಾರ ಎಂಬ ಸ್ಥಿತಿಗೆ ಬಂದಾಗ ತಂಡದವರಿಗೆ ನಿದ್ದೆಯಿರುವುದಿಲ್ಲ, ಕಥೆ ಮಾತ್ರ ಯಾವ ಕಡೆಗೆ ಬೇಕಾದರೂ ಹೊರಳಬಲ್ಲದು.

ಇನ್ನು ಟಿಆರ್‌ಪಿ. ದೇಶದಾದ್ಯಂತ 50,000ಕ್ಕೂ ಹೆಚ್ಚು ಮನೆಗಳಲ್ಲಿ ಬಾರ್ಕ್ ಸಂಸ್ಥೆಯ ಮೀಟರ್‌ಗಳಿವೆ. ಪ್ರಸಾರದ ಧ್ವನಿಯಲ್ಲಿ, ನಮ್ಮ ಕಿವಿಗೆ ಕೇಳದಂತೆ ಬೆರೆಸಿದ ಗುರುತನ್ನು ಮೀಟರ್ ಹಿಡಿಯುತ್ತದೆ. ಮನೆಯಲ್ಲಿ ಯಾರು ನೋಡುತ್ತಿದ್ದಾರೆ ಎಂಬುದನ್ನು ಅವರವರೇ ಗುಂಡಿ ಒತ್ತಿ ತಿಳಿಸಬೇಕು. ಶನಿವಾರದಿಂದ ಶುಕ್ರವಾರದವರೆಗೆ ಒಂದು ವಾರದ ಲೆಕ್ಕ. ಅಂಕಿ ಬರುವುದು ಮುಂದಿನ ಗುರುವಾರ. ಅಂದರೆ ಶನಿವಾರದ ಸಂಚಿಕೆಯ ಫಲಿತಾಂಶ ತಿಳಿಯಲು 12 ದಿನ ಬೇಕು. ವಾಹಿನಿಯವರು ಬರೀ ಒಟ್ಟು ಅಂಕ ನೋಡಿ ಸುಮ್ಮನಾಗುವುದಿಲ್ಲ; ಯಾವ ನಿಮಿಷದಲ್ಲಿ ಜನ ಎದ್ದು ಹೋದರು ಎಂದೂ ಹುಡುಕುತ್ತಾರೆ. ಒಂದು ‘ಟ್ರ್ಯಾಕ್’, ಅಂದರೆ ಉಪಕಥೆ, ಬಂದಾಗಲೆಲ್ಲ ಗೆರೆ ಇಳಿಯುತ್ತಿದ್ದರೆ ಆ ತಂಗಿಯೋ ಭಾವನೋ ಸದ್ದಿಲ್ಲದೆ ಊರಿಗೆ ಹೋಗುತ್ತಾರೆ, ಮತ್ತೆ ಬರುವುದಿಲ್ಲ.

ಅಮೆರಿಕದ ‘ಲಾಸ್ಟ್’ ಧಾರಾವಾಹಿಯಲ್ಲಿ ಬೇಡದ ಪಾತ್ರವನ್ನು ಕಳಚುವ ಇದೇ ಕೆಲಸ ನಿಧಾನವಾಗಿ ನಡೆಯಿತು. ವಿಮಾನ ಅಪಘಾತದಲ್ಲಿ ಬದುಕುಳಿದ ಇತರರು ಏನು ಮಾಡುತ್ತಿದ್ದಾರೆ ಎಂದು ಅಭಿಮಾನಿಗಳು ಕೇಳುತ್ತಲೇ ಇದ್ದರು. ಅದಕ್ಕಾಗಿ ಮೂರನೇ ಸೀಸನ್‌ನಲ್ಲಿ ನಿಕ್ಕಿ, ಪಾಲೊ ಎಂಬ ಇಬ್ಬರನ್ನು ತಂದರು. ಕೇಳಿದವರಿಗೇ ಅವರು ಹಿಡಿಸಲಿಲ್ಲ. 2007ರ ಮಾರ್ಚ್‌ನಲ್ಲಿ, ಜೇಡದ ವಿಷದಿಂದ ಮರಗಟ್ಟಿದ ಇಬ್ಬರನ್ನೂ ಸತ್ತರೆಂದು ತಿಳಿದು ಜೀವಂತ ಹೂತರು. ಬೇಡವಾದ ಪಾತ್ರಗಳಿಗೆ ಇಷ್ಟು ಕ್ರೂರ ವಿದಾಯ ನಾನಂತೂ ಬೇರೆಲ್ಲೂ ಕಂಡಿಲ್ಲ. ಇಡೀ ಸೀಸನ್ ಮೊದಲೇ ಮುಗಿಸಿಟ್ಟಿದ್ದರೆ ಈ ದಾರಿಯೂ ಇಲ್ಲ. 2019ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ನ ಕೊನೆಯ ಸೀಸನ್ ಮತ್ತೆ ತೆಗೆಯಿರಿ ಎಂದು 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಬದಲಾದದ್ದು ಏನೂ ಇಲ್ಲ.

ಅಭಿಪ್ರಾಯಕ್ಕಿಂತ ಊಹೆಯನ್ನು ನಿಭಾಯಿಸುವುದು ಕಷ್ಟ. ಗುಟ್ಟು ಹೊರಬಿದ್ದರೆ ಮುಂದಿನ ಸಂಚಿಕೆ ಸಪ್ಪೆ. 1980ರಲ್ಲಿ ‘ಡಲ್ಲಾಸ್’ ಧಾರಾವಾಹಿಯ ಜೆ. ಆರ್. ಎಂಬ ಪಾತ್ರಕ್ಕೆ ಗುಂಡು ಹೊಡೆದವರು ಯಾರೆಂದು ಜನ ಮಾರ್ಚ್‌ನಿಂದ ನವೆಂಬರ್‌ವರೆಗೆ ತಲೆಕೆಡಿಸಿಕೊಂಡರು. ಚಿತ್ರತಂಡದವರಿಗೂ ಗೊತ್ತಾಗದಿರಲೆಂದು ಹಲವು ಪಾತ್ರಗಳ ಕೈಯಲ್ಲಿ ಗುಂಡು ಹಾರಿಸಿ ಚಿತ್ರೀಕರಿಸಿದರು. ಬಿಬಿಸಿಯ ‘ಷರ್ಲಾಕ್’ ಬೇರೆ ದಾರಿ ಹಿಡಿಯಿತು. 2012ರ ಜನವರಿಯಲ್ಲಿ ಕಟ್ಟಡದಿಂದ ಹಾರಿದ ನಾಯಕ ಬದುಕುಳಿದದ್ದು ಹೇಗೆಂದು ಅಭಿಮಾನಿಗಳು ಎರಡು ವರ್ಷ ವಾದಿಸಿದರು. 2014ರ ಸಂಚಿಕೆಯಲ್ಲಿ ಅಂಥ ಊಹೆಗಳನ್ನೇ ದೃಶ್ಯಗಳಾಗಿ ತೋರಿಸಿ, ಊಹಿಸುವವರ ಒಂದು ಕೂಟವನ್ನೂ ಕಥೆಯೊಳಗೆ ಕೂರಿಸಿದರು. ಕಾಲೆಳೆದ ಹಾಗೂ ಆಯಿತು, ಗೌರವಿಸಿದ ಹಾಗೂ ಆಯಿತು.

ನಮ್ಮ ವಾಹಿನಿಗಳಿಗೆ ಎರಡು ವರ್ಷ ಕಾಯುವ ವ್ಯವಧಾನವಿಲ್ಲ, ಅವರ ಆಯುಧ ಪ್ರೋಮೋ. ಪ್ರೋಮೋದಲ್ಲಿ ತಾಳಿ ಕಟ್ಟಿದ್ದು ಸಂಚಿಕೆಯಲ್ಲಿ ಕನಸಾಗಿಬಿಡುತ್ತದೆ. ಅಷ್ಟರಲ್ಲಿ ಯಾವ ಜೋಡಿಯ ಪರ ಜನ ನಿಂತಿದ್ದಾರೆ ಎಂಬುದು ಕಾಮೆಂಟ್‌ಗಳಿಂದ ತಿಳಿದಿರುತ್ತದೆ, 12 ದಿನ ಕಾಯದೆ, ಕಾಸು ಖರ್ಚಿಲ್ಲದೆ. ಆದರೆ ಕಾಮೆಂಟಿಗೂ ಅಂಕಿಗೂ ಜಗಳ ಬಂದರೆ ಗೆಲ್ಲುವುದು ಅಂಕಿಯೇ. ‘ಆ ಅತ್ತೆಯನ್ನು ಯಾವಾಗ ಜೈಲಿಗೆ ಹಾಕ್ತೀರಿ’ ಎಂದು ಸಾವಿರ ಜನ ಬೈದು ಬರೆಯಬಹುದು. ಬೈಯುವವರು ಮರುದಿನವೂ ಅದೇ ಹೊತ್ತಿಗೆ ಟಿವಿ ಮುಂದೆ ಕೂರುತ್ತಿದ್ದರೆ ಅತ್ತೆಗೆ ಜೈಲಿಲ್ಲ.